ಪಂಖಾ ಬಂದ್

ಮೊದಲು ಪಂಖಾ ಬಂದ್ ಮಾಡಬೇಕು.
ಬ್ರಹ್ಮಪುರದ ಈ ಮಾಳಗಿ ಮ್ಯಾಲಿನ ಖೋಲಿಯೊಳಗ
ಮೇ ತಿಂಗಳ ಮೂರು ಗಂಟೆಯ ಝಳ,
ಫರಸಿಗಲ್ಲು ರೊಟ್ಟಿ ಹಂಚಿನಂಗ ಕಾದಾದ,
ಆದ್ರೂ ಬಂದ್.
ಮೈಕಿಗೆ ಅದರ ಗರಗರ ಆಗಿಬರಾಂಗಿಲ್ಲ.

ನಾಕೂ ಗೋಡಿಗೆ ಕೌದಿ ಬಡದೀವಿ.
ಅಂಬಾರಾಯನ ಅಜ್ಜಿದು ಎರಡು,
ತಹಸೀನಳ ಮನಿದೊಂದು ರಜಾಯಿ,
ಇನ್ನೊಂದು ನಾ ಸಂತ್ಯಾಗ ಕೊಂಡಿದ್ದು.
ಯಾರ ಸೀರೆಯೋ, ಯಾರ ಬಾಣಂತನವೋ,
ಈಗ ದನಿ ಕುಡಿಯೋ ಕೆಲಸಕ್ಕ ಹಚ್ಚೀವಿ.

"ನಮಸ್ಕಾರ್ರೀ, ಸಲಾಮ್ರೀ, ಏನ್ ಖಬರ್?"
ಅಂತ ಶುರು. ರಾಜಕಾರಣ ಹದಿನೆಂಟು ನಿಮಿಷ,
ರೊಕ್ಕ ಹನ್ನೊಂದು,
ಬ್ಯಾಡಂದ್ರೂ ಕ್ರಿಕೆಟ್ಟು ಒಂಬತ್ತು,
ಮೊಬೈಲು ಗಿಬೈಲು ಆರು,
ಟೈಮ್ ಉಳಿದ್ರ ನಾಟಕ, ಕವ್ವಾಲಿ.
ಉಳಿಯಾಂಗಿಲ್ಲ.

ನಾ ಮಾತಾಡಾಂಗಿಲ್ಲ. ನಂದು ಕತ್ತರಿ ಕೆಲಸ.
ಎಲ್ಲಾರೂ ಹೋದ ಮ್ಯಾಲ ಹೆಡ್‌ಫೋನು ಹಾಕ್ಕೊಂಡು
ಕೆಮ್ಮು ತಗೀತೀನಿ, ಎಂಜಲು ನುಂಗಿದ್ದು,
ಅಂಬಾರಾಯನ "ಅದೇನಂತಾರ ನೋಡ್ರಿ" ಹದಿನಾಲ್ಕು ಸಲ,
ಕೆಳಗಿನ ಮನಿ ಕುಕ್ಕರಿನ ಮೂರನೇ ಸೀಟಿ.
ಮೌನ ಬಂದ್ರ ಪರದಿ ಕೆಂಪಾಗ್ತದ,
ಒಂದೂವರೆ ಸೆಕೆಂಡಿಗಿಂತ ಉದ್ದ ಅದ, ಒಗಿ, ಅಂತದ.

ನಮ್ಮವ್ವ ರವಕಿ ಹೊಲಿಯಾಕಿ.
ಬೆರಳಗಲದ ಚೂರೂ ಒಗೀತಿರಲಿಲ್ಲ.

ಅದಕ್ಕ ನನ್ನ ಬಲ್ಲಿ ಒಂದು ಫೋಲ್ಡರ್ ಅದ.
ಹೆಸರು: ಚೂರು.
ಪೈಪಿನ ಬಿಲ್ಲು ಎರಡು ಸಲ ಯಾಕಾತು ಅಂದಾಗ
ವಾರ್ಡಿನ ಮೆಂಬರು ಸುಮ್ಮನಾದ ನಾಕು ಸೆಕೆಂಡು,
ಅದರೊಳಗ ಖುರ್ಚಿ ಒಂದು ಸಲ ಕಿರ್ ಅಂತದ.
ಗಂಜಿನ ದಲಾಲಿ ಸಾಹುಕಾರಂದು ಏಳು.
ತೊಗರಿ ದರ ಮುಂಜಾನೆ ಮೊದಲು ಯಾರ ಬಾಯಿಂದ ಬರ್ತದ್ರೀ?
ಉಂಗುರ ಚಾದ ಗಿಲಾಸಿಗೆ ತಾಕಿ ಟಣ್ ಅಂದಿದ್ದು,
ಆಮ್ಯಾಲ ನಗಿ. ನಗಿ ಎಪಿಸೋಡಿನಾಗ ಅದ.

ಸೇಡಮ್ಮಿನ ಹುಡುಗ ಒಬ್ಬ ಬಂದಿದ್ದ,
ಕಂಪ್ಯೂಟರಿಗೆ ದಿನಾ ಸಾವಿರ ಫೋಟೋ ತೋರಿಸಿ
ಇದು ಎಮ್ಮಿ, ಇದು ಲಾರಿ, ಇದು ಮನುಷ್ಯಾ
ಅಂತ ಕಲಿಸೋ ನೌಕರಿ.
ಅದು ಕಲ್ತ ಮ್ಯಾಲ ನಿನಗೇನು ಕೆಲಸ? ತಹಸೀನ್ ಕೇಳಿದ್ಳು.
ಅವನ ಚೂರು ಸಣ್ಣದು. ಎರಡೇ ಸೆಕೆಂಡು.
ಅದನ್ನ ಮತ್ತ ಮತ್ತ ಕೇಳೀನಿ, ಯಾಕೋ ಗೊತ್ತಿಲ್ಲ.

ಹ್ವಾದ ವಾರ ಅಫಜಲಪುರದ ಭಾಗ್ಯವಂತಿ,
ಕಬಡ್ಡಿ ಆಡಾಕಿ, ಮಣಕಾಲಿಗೆ ಪಟ್ಟಿ ಕಟ್ಕೊಂಡೇ ಬಂದ್ಳು.
ಉಸಿರು ಬಿಡದಂಗ ರೇಡು ಹ್ಯಾಂಗ ಮಾಡೋದು,
ಕೈ ಆಡಿಸಿ ಹೇಳಿದ್ಳು, ಮೈಕಿಗೆ ಬಡದು ಡಬ್ ಅಂತು.
ನಕ್ಕೀವಿ ಎಲ್ಲಾರೂ.
"ಮತ್ತ ಮುಂದ?" ಅಂದ ಅಂಬಾರಾಯ.

ಹನ್ನೊಂದು ಸೆಕೆಂಡು.
ಆವಾಜು ಪೂರಾ ಏರಿಸಿ ಕೇಳಿದ್ನಿ.
ಉಸಿರು ಇಲ್ಲ ಅದರಾಗ.
ಆಚಿ ಅಂಗಳಕ್ಕ ಹೋದಾಕಿ
ಗೆರಿ ಮುಟ್ಟಿ ಬಂದ್ಳೋ, ಹಿಡದು ಕೆಡವಿದರೋ,
"ನೋಡೂಣ್ರೀ" ಅಂದ್ಳು.

ಕೆಂಪಾಯ್ತು. ಒಗಿ ಅಂತು. ಒಗೀಲಿಲ್ಲ.

ಮರುದಿನ ಅಂಬಾರಾಯ ಗ್ರಾಫ್ ತೋರಿಸಿ ಬೈದ.
"ಇಲ್ಲಿ ನೋಡು, ಅರ್ಧಾ ಮಂದಿ ಇಲ್ಲೇ ಇಳದು ಹೋಗ್ಯಾರ,
ಫೋನು ಕೆಟ್ಟದ ಅನಕೊಂಡಿರ್ತಾರ!"
ಖರೇ. ಗೆರಿ ಬಾವಿಗಿ ಬಿದ್ದಂಗ ಬಿದ್ದಿತ್ತು.

ವಾಡಿಯಿಂದ ಒಂದು ಮೆಸೇಜು ಬಂದಿತ್ತು ರಾತ್ರಿ.
ಮಲಕಪ್ಪ ಅಂತ, ಸಿಮೆಂಟ್ ಕಾರ್ಖಾನ್ಯಾಗ ರಾತ್ರಿ ಪಾಳಿ.
"ದಿನಾ ನಿಮ್ಮನ್ನ ಒಂದೂವರೆ ಸ್ಪೀಡಿನಾಗ ಕೇಳ್ತೀನ್ರಿ,
ತಪ್ಪು ತಿಳಕೋಬ್ಯಾಡ್ರಿ, ಡ್ಯೂಟಿ ಭಾಳ ಅದ.
ನಡುವ ಸುಮ್ಮನಾತಲ್ಲ, ಮಿಲ್ಲು ನಿಂತದ ಅನಕೊಂಡು
ಎದ್ದು ಓಡಿ ಹ್ವಾದೆ.
ಮಿಲ್ಲು ನಡೀಲತ್ತಿತ್ತು.
ನಿಮ್ಮ ಕಡೀನೇ ಯಾರೋ ನಿಂತಿದ್ರು."

ಅದಕ್ಕ ಏನು ಬರೀಬೇಕು ತಿಳೀಲಿಲ್ಲ.

ಇವತ್ತಿಂದೂ ಮುಗೀತು. ಬಜೆಟ್ಟು, ಫೈನಲ್ಲು,
ಬೆವರಿಗೆ ತಹಸೀನಳ ಕಾಗದ ಹಸಿ ಆಗ್ಯಾವ.
"ಹಚ್ಚೋ ಮಾರಾಯ ಪಂಖಾ, ಸಾಯ್ಲತ್ತೀವಿ."
ಅಂಬಾರಾಯ ಬಟನ್ ಒತ್ತಿದ.
ಮತ್ತೊಮ್ಮೆ ಒತ್ತಿದ.
ಕರೆಂಟು ಯಾವಾಗ ಹೋಗಿತ್ತೋ,
ಮೂರೂ ಮಂದಿಗೆ ಖಬರಿಲ್ಲ.