ಗುನ್ವೋರಳ ಲೆಕ್ಕದ ಪುಸ್ತಕ

ಬೇಕರಿಯ ಹಳೆಯ ಲೆಕ್ಕದ ಪುಸ್ತಕ.
ಮೊದಲ ಹತ್ತು ಪುಟ ಮೈದಾ, ಏಲಕ್ಕಿ, ಬಾಕಿ.
ಹನ್ನೊಂದರಿಂದ ಸುತ್ತುಗಳು:
ಒಂದು ನಿಮಿಷ ಮೂವತ್ತೆಂಟು, ಚಿಲ್ಲರೆ.

ಆಂಡರ್‌ಸ್ಟಾರ್ಪ್. ಬೇಲಿಯ ಪಕ್ಕ ಮಡಚುಕುರ್ಚಿ,
ಸ್ಟಾಪ್‌ವಾಚು, ಗುನ್ವೋರ್.
ಅಣ್ಣ ಸಿಕ್ಸ್ಟೆನ್ ಓಡಿಸುತ್ತಿದ್ದುದು
ವಾರವೆಲ್ಲ ಬ್ರೆಡ್ಡು ಹೊತ್ತ ಅದೇ ಕಾರು;
ತಿರುವಿನಲ್ಲಿ ವಾಲಿದರೆ
ಸೀಟಿನಡಿಯಿಂದ ಸಕ್ಕರೆ ಹರಳು ಉದುರುತ್ತಿದ್ದವಂತೆ.

ಆಮೇಲೆ ಪ್ರಾಯೋಜಕರು ಬಂದರು, ಹಳದಿ ಬಣ್ಣ ಬಂತು,
ಸೆಕೆಂಡನ್ನು ಸಾವಿರ ಚೂರು ಮಾಡುವ ಯಂತ್ರ ಬಂತು.
"ಇನ್ನು ನೀನು ಆರಾಮಾಗಿ ನೋಡು" ಅಂದರು.
ಬರೆಯುತ್ತಲೇ ಇದ್ದಳು.

ಯಂತ್ರಕ್ಕಿಂತ ಅವಳ ಲೆಕ್ಕ ಸದಾ ಅರೆಕ್ಷಣ ಹೆಚ್ಚು:
ಕಾರು ಗೆರೆ ದಾಟಿ
ಹೆಲ್ಮೆಟ್ಟಿನೊಳಗಿನ ಮುಖ ಕಂಡ ಮೇಲಷ್ಟೇ
ಗುಂಡಿ ಒತ್ತುವವಳು.

ತಂಡ ಮಾರಿಹೋದ ವರ್ಷದ ಪುಟ:
ಮತ್ತೆ ಮೈದಾ, ಏಲಕ್ಕಿ,
ಸಿಕ್ಸ್ಟೆನ್‌ನ ಟೈರಿನ ಬಾಕಿ.