ಅಡ್ಡಗ್ವಾಡಿ

ಮೂವತ್ತೊಂದು ವರ್ಷ ಬ್ಲೇಡು ಹಿಡದವ ನಾ,
ಧಾರವಾಡದ ಕಾಲೇಜಿನ ಲ್ಯಾಬಿನ್ಯಾಗ.
ಬೆಂಡಿಕಾಯಿ ಅಡ್ಡ ಕೊಯ್ದಿಟ್ರ ಐದು ಖೋಲಿ,
ಬ್ಯಾಡಗಿ ಮೆಣಸಿನಕಾಯಿಗೆ ಎರಡು, ಒಮ್ಮೊಮ್ಮೆ ಮೂರು.
"ಮೈಲಾರಪ್ಪಾ, ಇದು ಸೆಪ್ಟಮ್,"
ಅಂದಿದ್ರು ಗಲಗಲಿ ಮೇಡಂ ಮೊದಲನೇ ದಿನ,
"ಲ್ಯಾಟಿನ್ ಮಾತು. ಅಂದ್ರ ಬೇಲಿ."
ಏಳನೇತ್ತಾ ಓದಿದವ, ಸಪ್ಟಂಬರ್ ಅಂತ ಕೇಳಿ
ಪಗಾರ ನೆನಸಿಕೊಂಡೆ.

"ಖಾರ ಬೀಜದಾಗಿಲ್ಲ, ಆ ಬಿಳೇ ಪೊರಿಯೊಳಗ ಅದ."
ನಾಲಿಗಿಗೆ ಹಚ್ಚಿ ನೋಡಿದೆ. ಖರೇ.

ನಮ್ಮವ್ವನ ಬುಲಾಕು ತೂಗತಿದ್ದದ್ದೂ ಸೆಪ್ಟಮ್ಮಿಗೇ.
ಬುಲಾಕು ಮಾರಿದ ಮ್ಯಾಲೂ ತೂತು ಮುಚ್ಚಗೊಡಲಿಲ್ಲ ಆಕಿ,
ಜಳಕಾ ಆದ ಕೂಡಲೆ ಒಂದು ಬೇವಿನಕಡ್ಡಿ
ಸಿಗಿಸಿಕೊಂಡು ಕೂಡತಿದ್ದಳು.

ಹದಿನಾಲ್ಕನೇ ವರ್ಷಕ್ಕ, ಹೊಸಯಲ್ಲಾಪುರದ ಮನಿಯಾಗ
ಅಣ್ಣ ಗುಡ್ಡಪ್ಪ ಗ್ವಾಡಿ ಎಬ್ಬಿಸಿದ.
ಜಗಳ ದೊಡ್ಡದೇನಲ್ಲ. ನಳದ ಪಾಳಿ, ಒಂದು ತಾಮ್ರದ ಹಂಡೆ,
ಮತ್ತ ಒಂದು ಮಾತು, ಅದನ್ನ ಬರೆಯಂಗಿಲ್ಲ.
ಪಡಸಾಲಿ ನಡುವ ಇಟ್ಟಿಗಿ.
ಬೆಳಕಿಂಡಿ ಅರ್ಧ ಅವರಿಗೆ, ಅರ್ಧ ನಮಗ.
ಗೌಂಡಿ ಸಂಜೀಕ ಹೋಗುವಾಗ
ಅಟ್ಟಣಿಗಿ ಬೊಂಬು ಚುಚ್ಚಿದ್ದ ತೂತೊಂದು ಉಳದಿತ್ತು.
"ನಾಳೆ ಮುಚ್ಚತೀನ್ರಿ" ಅಂದಾಂವ,
ಅಣ್ಣ ಕೂಲಿ ಬಾಕಿ ಇಟ್ಟದ್ದಕ್ಕ ಬರಲೇ ಇಲ್ಲ.

ಮರುವಾರ ಲ್ಯಾಬಿನ್ಯಾಗ ಬೂಷ್ಟಿನ ಪಾಠ.
ರೊಟ್ಟಿ ಮ್ಯಾಲಿನ ಹಸರು ಬೂಷ್ಟು ಗಾಜಿಗೆ ಹಚ್ಚಿ
ಮೈಕ್ರೋಸ್ಕೋಪಿನ್ಯಾಗ ಇಟ್ಟೆ:
ದಾರದಂಥಾ ಎಳಿ, ಎಳಿಯೊಳಗ
ಗೇಣಿಗೊಂದು ಅಡ್ಡಗ್ವಾಡಿ.
(ಗೇಣು ಅಂದ್ರ ಬೂಷ್ಟಿನ ಗೇಣು.)
"ಪ್ರತಿ ಗ್ವಾಡಿಗೂ ನಡುವ ಒಂದು ರಂಧ್ರ ಅದ,
ಅದರಾಗಿಂದ ಜೀವರಸ ಹಾಯ್ತದ.
ಎಳಿ ಎಲ್ಲೆರೆ ಹರೀತಂದ್ರ
ಒಳಗಿಂದ ಬಿರಡಿ ಬಂದು ಕೂತು ಮುಚ್ಚತದ."
ನನಗ ರಂಧ್ರ ಕಾಣಲಿಲ್ಲ.
ಹೌದ್ರಿ ಅಂದೆ.

ಅವತ್ತ ರಾತ್ರಿ ಊಟಕ್ಕ ಕುಂತಾಗ
ಗ್ವಾಡಿಯಿಂದ ಎರಡು ಬೆರಳು ಹೊರಗ ಬಂದವು,
ಬೆರಳಿನ ನಡುವ ಕುಂಕುಮದ ಬಟ್ಟಲ, ತೊಳದದ್ದು.
ತಿರಕವೈನಿಯ ಬಳಿ ಸಪ್ಪಳ.
ನನ್ನಾಕಿ ತುಟಿ ಪಿಟಕ್ ಅನ್ನಲಿಲ್ಲ,
ಒಂದು ಚಮಚೆ ಹೆಪ್ಪು ಹಾಕಿ ಬಟ್ಟಲ ಹಿಂದಕ್ಕ ನೂಕಿದಳು.
ಆಚಿ ಅಣ್ಣ ಕೆಮ್ಮಿದ.
ಈಚಿ ನಾ ರೊಟ್ಟಿ ಮುರದೆ.
ಎಷ್ಟು ದಿನದಿಂದ ನಡದಿತ್ತೋ ಇದು,
ನಾ ಕೇಳಲಿಲ್ಲ.

ಈಗ ರಿಟಾಯರ್ ಆಗಿ ನಾಕು ವರ್ಷಾತು.
ಮೊನ್ನೆ ಸೂಪರ್ ಮಾರ್ಕೆಟ್ಟಿನ್ಯಾಗ ಗೌಂಡಿ ಸಿಕ್ಕಿದ್ದ,
ಹಲ್ಲಿಲ್ಲ, ಗುರುತಾ ಹಿಡದ.
"ನಿಮ್ಮನ್ಯಾಗ ಒಂದು ತೂತು ಬಾಕಿ ಇತ್ತಲ್ರಿ, ಬರಲೇನು?"
"ಮೊದಲ ನಿನ್ನ ಕೂಲಿ ಚುಕ್ತಾ ಆಗಲಿ ತಡಿ" ಅಂದು
ಕಿಸೆಕ್ಕ ಕೈ ಹಾಕದ
ಕೊತ್ತಂಬರಿ ಆರಿಸಿಕೋತ ನಿಂತೆ.