ಅಂಚು ಕತ್ತರಿಸುವಾಗ

ಹೊರಡುವ ಮುನ್ನ ಏಳೂ ಜನ ನನ್ನಲ್ಲಿಗೇ ಬಂದರು,
ಸಂತೆಪೇಟೆಯ ಈ ಹತ್ತಡಿ ಸ್ಟುಡಿಯೋಗೆ.
ಹೆಗಲಲ್ಲಿ ಲಕ್ಷದ ಲೆನ್ಸಿದ್ದರೂ
ವೀಸಾದ ಮುಖ ತಾವೇ ತೆಗೆದುಕೊಳ್ಳಲಾಗದು,
ತಮ್ಮ ಬೆನ್ನು ತಾವೇ ಉಜ್ಜಿಕೊಳ್ಳಲಾಗದ ಹಾಗೆ.

ಬಿಳಿ ಪರದೆ. ಕಾಲು ಕುಂಟುವ ಸ್ಟೂಲು.
ಎರಡೂ ಕಿವಿ ಕಾಣಬೇಕು, ಕನ್ನಡಕ ತೆಗೀರಿ,
ನಗಬೇಡಿ, ಎಂದೆ.
ನಗಬೇಡಿ ಅಂದರೆ ಹಲ್ಲಿನ ಡಾಕ್ಟರು ತಾಂಡವಮೂರ್ತಿಗೆ
ನಗು ತಡೆಯಲಾಗದು; ಆರು ಸಲ ಕ್ಲಿಕ್ಕಿಸಿದೆ.
ಆಲೂಗಡ್ಡೆ ಮಂಡಿಯ ಚಿಕ್ಕಣ್ಣೇಗೌಡರು
ಎಕ್ಸ್‌ರೇಗೆ ನಿಂತವರಂತೆ ಉಸಿರು ಕಟ್ಟಿದರು.
ಪ್ರೆಸಿಲ್ಲಾ ಟೀಚರು ಕೊನೆಗೆ, ಜಡೆ ಹಿಂದಕ್ಕೆ ಹಾಕುತ್ತ,
"ಬೆಂಕಿ ಬೆಟ್ಟಕ್ಕೆ ಸೀರೆ ಉಟ್ಕೊಂಡು ಹತ್ಬೋದೇನಮ್ಮ?"
ನನಗೇನು ಗೊತ್ತು. ನಾನು ಹತ್ತಿದ್ದು
ಸೀಗೆಗುಡ್ಡ, ಅದೂ ಚಪ್ಪಲಿ ಕೈಲಿ ಹಿಡಿದು.

ಈ ಜಿಲ್ಲೆಯಲ್ಲಿ ಇನ್ನು ಫ್ರೇಮು ಉಳಿದಿಲ್ಲವಂತೆ.
ಶೆಟ್ಟಿಹಳ್ಳಿಯ ಇಗರ್ಜಿ ಮುಳುಗಿದ್ದು, ಎದ್ದಿದ್ದು,
ಅರ್ಧ ಮುಳುಗಿ ಕೊಕ್ಕರೆ ಕೂತಿದ್ದು, ಎಲ್ಲ ಆಯಿತು.
ಮಂಜರಾಬಾದಿನ ನಕ್ಷತ್ರವನ್ನು ಆಕಾಶದಿಂದ ಹಿಡಿದಾಯಿತು.
ಇನ್ನು ಸಮುದ್ರ ದಾಟಬೇಕು,
ಹೊಗೆಯಾಡುವ ದ್ವೀಪಕ್ಕೆ.

ಅವರಿಲ್ಲದ ಹನ್ನೊಂದು ದಿನ
ನಾನು ಹಾಲ್ ಟಿಕೆಟ್ಟಿನ ಮಕ್ಕಳನ್ನು ತೆಗೆದೆ,
ಮುಡಿ ಕೊಟ್ಟ ಕೂಸಿನ ಬೋಳು ತಲೆ ತೆಗೆದೆ,
ಮದುವೆಯ ಗುಂಪಿನಿಂದ ತೀರಿಹೋದವರೊಬ್ಬರನ್ನು ಹೆಕ್ಕಿ
ಹೆಗಲ ಮೇಲಿದ್ದ ಇನ್ಯಾರದೋ ಕೈ ಅಳಿಸಿ
ನೀಲಿ ಹಿನ್ನೆಲೆ ಹಾಕಿ, ಚೌಕಟ್ಟು ಕೂರಿಸಿದೆ.

ವಾಪಸು ಬಂದರು. ಚೀಲದ ಹೊಲಿಗೆಯಿಂದ
ಗಾಜಿನ ಟೇಬಲ್ಲಿಗೆ ಕಪ್ಪು ಪುಡಿ ಉದುರಿತು.
ಕಾಫಿ ಪುಡಿ ಅಂದುಕೊಂಡು ಒರೆಸಿದರೆ
ಗಾಜು ಗೀರಿತು.
"ಬೂದಿ ಅಲ್ಲಮ್ಮ, ಕಲ್ಲು ಅದು," ಅಂದರು ಗೌಡರು,
ಬಿತ್ತನೆ ಗಡ್ಡೆ ಮುಟ್ಟಿ ನೋಡುವ ಬೆರಳಲ್ಲಿ ತಿಕ್ಕಿ,
"ಇದ್ರಲ್ಲಿ ಏನ್ ಹಾಕಿದ್ರೂ ಬೆಳೀತದೆ."

ಕಲಾಭವನದ ಪ್ರದರ್ಶನಕ್ಕೆ ದೊಡ್ಡ ಪ್ರಿಂಟು ಬೇಕು.
ಏಳು ಕ್ಯಾಮೆರಾ, ಒಂದೇ ಬೆಟ್ಟ,
ಒಂದೇ ಬೆಳಗಿನ ಜಾವ, ಎಡಕ್ಕೆ ವಾಲಿದ ಒಂದೇ ಹೊಗೆ.
ಮತ್ತು ಏಳರಲ್ಲೂ, ಮೂಲೆಯಲ್ಲಿ, ಅವನು.

ಉಣ್ಣೆ ಟೋಪಿ, ಕೊರಳಿಗೆ ಹಳೆ ಕ್ಯಾಮೆರಾ,
ಎದೆಗೆ ನೇತುಬಿಟ್ಟ ರಟ್ಟಿನ ಮೇಲೆ ಮಾದರಿ ಚಿತ್ರಗಳು.
ಸ್ಥಳದಲ್ಲೇ ತೆಗೆದು ಸ್ಥಳದಲ್ಲೇ ಕೊಡುವವನು.
ಫೈಲುಗಳ ಗಂಟೆ ನಿಮಿಷ ನೋಡಿ ಸಾಲಾಗಿ ಇಟ್ಟೆ:
ಐದು ನಲವತ್ತೊಂದಕ್ಕೆ ಕೈ ಎತ್ತಿ ಬರುತ್ತಿದ್ದಾನೆ.
ನಲವತ್ತಾರಕ್ಕೆ ರಟ್ಟು ತೋರಿಸುತ್ತಿದ್ದಾನೆ, ಯಾರದೋ ಬೆನ್ನಿಗೆ.
ಆಮೇಲೆ ಕೂತಿದ್ದಾನೆ, ಬೆಟ್ಟಕ್ಕೆ ಬೆನ್ನು ಹಾಕಿ,
ಅಂಗಿಯ ತುದಿಯಲ್ಲಿ ಲೆನ್ಸು ಒರೆಸುತ್ತ,
ಬಾಯಿಂದ ಹಬೆ ಊದಿ, ವೃತ್ತ ವೃತ್ತವಾಗಿ,
ಮಧ್ಯದಿಂದ ಅಂಚಿಗೆ,
ನನ್ನಪ್ಪ ನನಗೆ ಹೇಳಿಕೊಟ್ಟ ಹಾಗೆ.

"ಮೂಲೇಲಿ ಅವ್ನೊಬ್ಬ ಅಡ್ಡ, ತೆಗೆದ್ಬಿಡಮ್ಮ."
ಒಬ್ಬೊಬ್ಬರೂ ಬೇರೆ ಬೇರೆ ಬಂದು ಅದನ್ನೇ ಅಂದರು.
ತೆಗೆಯುವುದೆಂದರೆ, ಗೊತ್ತಲ್ಲ,
ಪಕ್ಕದ ಬೂದಿಯನ್ನು ತಂದು ಅವನ ಮೇಲೆ ಹಾಕುವುದು.
ಮೊದಲು ಕಾಲು. ಆಮೇಲೆ ರಟ್ಟು. ಟೋಪಿ ಕಡೆಗೆ.
ಆರು ಸಲ ಹಾಕಿದೆ. ಕೆಲಸ, ಚೆನ್ನಾಗಿಯೇ ಮಾಡಿದೆ,
ಯಾರೂ ನಿಂತಿದ್ದ ಗುರುತಿಲ್ಲ.

ಏಳನೆಯದು ಟೀಚರದ್ದು. ಅವರು
ದೊಡ್ಡದೇನೂ ಬೇಡ ಅಂದು, ಪರ್ಸು ಬಿಚ್ಚಿ
ಅಂಗೈಯಗಲದ ಚಿತ್ರವೊಂದು ಕೊಟ್ಟರು.
ಅವನು ತೆಗೆದದ್ದು. ನೆಲ ವಾರೆ, ಬೆಟ್ಟ ಅರ್ಧ ಕತ್ತರಿಸಿಹೋಗಿದೆ,
ಒಂದು ಬದಿಗೆ ಅವನದೇ ಬೆರಳಿನ ಮಬ್ಬು.
ಹಿಂದೆ ಆರು ಟ್ರೈಪಾಡು, ಆರು ಬೆನ್ನು.
ಮುಂದೆ ಟೀಚರು, ಸ್ವೆಟರಿನ ಕೆಳಗೆ ಪಚ್ಚೆ ಸೀರೆ ಹಾರಿ,
ಬಾಯಿ ತುಂಬ ನಗು, ಸೆರಗು ಹಿಡಿಯುವ ಗಡಿಬಿಡಿಯಲ್ಲಿ
ಒಂದು ಕಿವಿಯೂ ಕಾಣುತ್ತಿಲ್ಲ.

ಲ್ಯಾಮಿನೇಷನ್ ಮಾಡಿದೆ. ಅಂಚು ಕತ್ತರಿಸುವಾಗ
ಬೆರಳಿನ ಮಬ್ಬಿನ ಕಡೆ ಒಂದು ನೂಲು ಹೆಚ್ಚೇ ಬಿಟ್ಟೆ.
ಒಳಗೆಲ್ಲೋ ಒಂದು ಕಪ್ಪು ಹರಳು ಸಿಕ್ಕಿ
ಸುತ್ತ ಗಾಳಿಗುಳ್ಳೆ ಎದ್ದಿದೆ, ಉಗುರಲ್ಲಿ ಒತ್ತಿದರೂ ಹೋಗದು.
ಇನ್ನೊಂದು ಮಾಡಿಕೊಡಲೇ ಅಂದರೆ
"ಇರ್ಲಿ ಬಿಡಮ್ಮ" ಅಂದು, ಇಪ್ಪತ್ತು ರೂಪಾಯಿ ಇಟ್ಟು,
ಹೊರಗೆ ಹೋಗಿ, ಬಿಸಿಲಿಗೆ ಹಿಡಿದು ನೋಡಿದರು.